ಬಾಲ್ಕನಿಯ ಒಡತಿ

ಬಿಲ್ಡರ್ ತನ್ನ ದಪ್ಪ ತೋರುಬೆರಳನ್ನು ಚಿತ್ರದ ಮೇಲಿಟ್ಟು ಒತ್ತಿ ಹಿಡಿದ. ಕಟ್ಟಡದ ಮೇಲಲ್ಲ, ಅದರ ಮುಂದಿನ ಈಜುಕೊಳದ ಮೇಲೂ ಅಲ್ಲ. ಮೇಲಿನ ಬಾಲ್ಕನಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ, ಹೆಬ್ಬೆರಳಷ್ಟೇ ಎತ್ತರದ ಹೆಂಗಸಿನ ಮೇಲೆ.

"ಮನೆ ನೋಡೋಕೆ ಬಂದೋರೆಲ್ಲ ಮೊದಲು ಈಯಮ್ಮನ್ನ ನೋಡ್ತಾರೆ. ಹೇಗೆ ನಿಂತಿದಾಳೆ ನೋಡಿ, ಇಡೀ ಬೀದಿ ತನ್ನದೇ ಅನ್ನೋ ಹಾಗೆ" ಎಂದ.

ಆಸ್ಪತ್ರೆಯ ಸರ್ಕಲ್ಲಿನಲ್ಲಿ ಅವಳನ್ನು ಮನೆಯೆತ್ತರಕ್ಕೆ ಹಿಗ್ಗಿಸಿ ಬೋರ್ಡು ಹಾಕಿಸಿದ ಮೇಲೆ ವಿಚಾರಿಸಿಕೊಂಡು ಬರುವವರು ಹೆಚ್ಚಿದ್ದಾರಂತೆ. ಎರಡನೆಯ ಕಟ್ಟಡದ ಚಿತ್ರಕ್ಕೂ ಅವಳೇ ಬೇಕು. ಆದರೆ ಈ ಸಲ ಬೆನ್ನು ನಮ್ಮ ಕಡೆ, ಮುಖ ತೋಟದ ಕಡೆ. ಅವಳು ತನ್ನ ತೋಟ ನೋಡುತ್ತಿರಬೇಕು, ಕೊಳ್ಳುವವನು ಅವಳ ಹಿಂದೆ ನಿಂತ ಹಾಗೆ ಅನಿಸಬೇಕು. ಆಫೀಸಿನ ಯಜಮಾನರು ಹೌದಲ್ಲವೇ ಎನ್ನುವಂತೆ ಅವಳನ್ನು ಬರೆದವನ ಕಡೆ ತಿರುಗಿದರು. ಅದೇನು ಮಹಾ, ಆಕೆಯನ್ನು ಸ್ವಲ್ಪ ತಿರುಗಿಸಿ ನಿಲ್ಲಿಸಿದರಾಯಿತು ಎಂದು ಅವನು ನಕ್ಕ.

ಕಟ್ಟಡದ ಚಿತ್ರಗಳಿಗೆ ಜನರನ್ನು ತುಂಬುವುದು ಅವನ ಕೆಲಸ. ಗೋಡೆ, ಕಿಟಕಿ, ಮೆಟ್ಟಿಲುಗಳನ್ನು ಬೇರೆಯವರು ಬರೆಯುತ್ತಾರೆ. ಕೊನೆಗೆ ಹಾಳೆ ಅವನ ಮೇಜಿಗೆ ಬರುತ್ತದೆ. ಜನರಿಲ್ಲದ ಕಟ್ಟಡ ಎಷ್ಟು ಎತ್ತರವೆಂದು ನೋಡಿದವರಿಗೆ ಅಂದಾಜು ಸಿಗುವುದಿಲ್ಲ, ಎಷ್ಟೇ ಬಣ್ಣ ಬಳಿದರೂ ಅದು ಗೋದಾಮಿನ ಹಾಗೆಯೇ ಕಾಣುತ್ತದೆ. ಕಂಪ್ಯೂಟರಿನಲ್ಲಿ ಸಿದ್ಧ ಜನ ಬೇಕಾದಷ್ಟು ಸಿಗುತ್ತಾರೆ. ಆದರೆ ಅವರು ಸಿದ್ಧ ಉಡುಪಿನ ಹಾಗೆ, ಯಾವ ಮನೆಗೂ ಸರಿಯಾಗಿ ಕೂರುವುದಿಲ್ಲ ಎಂಬುದು ಯಜಮಾನರ ಹಟ. ಆ ಹಟದಿಂದಲೇ ಅವನ ಕೆಲಸ ಉಳಿದಿತ್ತು. ಆಫೀಸಿನಲ್ಲಿ ಅವನನ್ನು ಎದುರಿಗೆ ಸರ್ ಎಂದೂ ಬೆನ್ನ ಹಿಂದೆ ಗೊಂಬೆ ಮೇಷ್ಟ್ರು ಎಂದೂ ಕರೆಯುತ್ತಿದ್ದರು. ಎರಡನೆಯ ಹೆಸರೇ ಅವನಿಗೆ ಹೆಚ್ಚು ಇಷ್ಟವಾಗಿತ್ತು, ಆದರೆ ಹಾಗೆಂದು ಹೇಳಿಕೊಳ್ಳುವುದು ಹೇಗೆ?

ಮೇಷ್ಟ್ರು ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಹೊಸದಾಗಿ ಸೇರಿದವರನ್ನು ಕೂರಿಸಿಕೊಂಡು ಅವನು ಭಂಗಿಗಳ ಪಾಠ ಮಾಡುತ್ತಿದ್ದ. ಒಂದು ಕೈ ಜೇಬಿನಲ್ಲಿದ್ದರೆ ಅವಸರವಿಲ್ಲದ ಮನುಷ್ಯ. ಎರಡೂ ಕೈ ಜೇಬಿನಲ್ಲಿದ್ದರೆ ಕೆಲಸವಿಲ್ಲದ ಮನುಷ್ಯ, ಅವನನ್ನು ಗೇಟಿನ ಹತ್ತಿರ ಸೇರಿಸಬೇಡಿ. ಕೈಕಟ್ಟಿ ನಿಂತವನು ದೂರು ಹೇಳಲು ಬಂದವನು. ಮೆಟ್ಟಿಲ ಮೇಲೆ ಕೂತವಳು ಬೀಗದ ಕೈ ಕಳೆದುಕೊಂಡವಳು. ತಲೆ ತಗ್ಗಿಸಿದವರು ನಮ್ಮ ಕಟ್ಟಡಗಳಲ್ಲಿ ವಾಸಿಸುವುದಿಲ್ಲ. ಇನ್ನು ಸೊಂಟದ ಮೇಲೆ ಕೈ ಎಂದರೆ ಒಡೆತನ. ಅದಕ್ಕೇ ಬಾಲ್ಕನಿಯ ಹೆಂಗಸಿಗೆ ಆಫೀಸಿನಲ್ಲಿ ಒಡತಿ ಎಂದೇ ಹೆಸರಾಯಿತು. ಪಾಠದ ಕೊನೆಗೆ ಒಂದು ನಿಯಮವನ್ನು ಅವನು ತಪ್ಪದೆ ಹೇಳುತ್ತಿದ್ದ: ಯಾವ ಭಂಗಿಯನ್ನೇ ಆಗಲಿ, ಬರೆಯುವ ಮೊದಲು ನೀವೇ ಹಾಗೆ ನಿಂತು ನೋಡಿ, ಭಾರ ಯಾವ ಕಾಲಿನ ಮೇಲೆ ಬೀಳುತ್ತದೆ ಎಂದು ಕಣ್ಣಿಗಿಂತ ಕಾಲಿಗೇ ಚೆನ್ನಾಗಿ ಗೊತ್ತಾಗುತ್ತದೆ. ತಾನೂ ಹಾಗೆಯೇ ಕಿಟಕಿಯ ಹತ್ತಿರ ನಾನಾ ಭಂಗಿಗಳಲ್ಲಿ ನಿಲ್ಲುತ್ತಿದ್ದ. ಎದುರು ಕಟ್ಟಡದವರಿಗೆ ಅವನ ತಲೆ ನೆಟ್ಟಗಿಲ್ಲವೆಂಬುದರಲ್ಲಿ ಅನುಮಾನವಿರಲಿಲ್ಲ.

ಒಡತಿಯೊಬ್ಬಳನ್ನು ಮಾತ್ರ ಅವನು ನಿಂತು ನೋಡದೆ ಬರೆದಿದ್ದ. ಅದರ ಅಗತ್ಯವೇ ಕಂಡಿರಲಿಲ್ಲ, ಏಕೆಂದರೆ ಅವಳು ಅವನ ಅಕ್ಕ.

ಅಮ್ಮ ತೀರಿಕೊಂಡಾಗ ಅವನಿಗಿನ್ನೂ ಹಾಲುಹಲ್ಲು ಬೀಳುವ ವಯಸ್ಸು. ಅಕ್ಕ ಓದು ಬಿಟ್ಟು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಕೆಲಸಕ್ಕೆ ಸೇರಿ, ಊರವರ ಅಂಗಿಗಳ ಸುಕ್ಕು ತೆಗೆಯುತ್ತ ಅವನನ್ನು ಸಾಕಿದಳು, ಚಿತ್ರಶಾಲೆಗೂ ಕಳಿಸಿದಳು. ಆಟ ಮುಗಿಸಿ ಅವನು ಹೊತ್ತು ಮೀರಿ ಬಂದರೆ ಸೊಂಟದ ಮೇಲೆ ಕೈಯಿಟ್ಟು ಬಾಗಿಲಿಗೆ ಅಡ್ಡ ನಿಂತಿರುತ್ತಿದ್ದಳು. ಬೈಯುತ್ತಿರಲಿಲ್ಲ, ಹಾಗೆ ನಿಂತರೇ ಸಾಕು, ಅವನ ಅರ್ಧ ಜೀವ ಹೋಗುತ್ತಿತ್ತು. ತನಗಾಗಿ ಮದುವೆಯ ಯೋಚನೆಯನ್ನು ಅವಳು ಮಾಡಲಿಲ್ಲ, ಮಾಡಿದ್ದರೂ ಅವನಿಗೆ ತಿಳಿಸಲಿಲ್ಲ. ಲಾಂಡ್ರಿಗೆ ಯಂತ್ರಗಳು ಬಂದು ಹಳಬರನ್ನೆಲ್ಲ ಮನೆಗೆ ಕಳಿಸಿದ ಮೇಲೆ ಒಂದು ಚೀಲ, ಒಂದು ಇಸ್ತ್ರಿಪೆಟ್ಟಿಗೆ ಹಿಡಿದು ತಮ್ಮನ ಮನೆಗೆ ಬಂದಳು. ಬಂದ ಮರುದಿನವೇ ಮನೆಯವರ ಬಟ್ಟೆಗಳನ್ನೆಲ್ಲ ಇಸ್ತ್ರಿ ಮಾಡಿಟ್ಟಳು, ಅವನ ಕರವಸ್ತ್ರವನ್ನೂ ಬಿಡದೆ.

ಅಡುಗೆಮನೆಯ ಬಾಗಿಲಲ್ಲಿ ಅವಳು ನಿಲ್ಲುತ್ತಿದ್ದ ರೀತಿಯನ್ನು ಅವನು ಮೊದಲ ವಾರವೇ ಗಮನಿಸಿದ. ಒಳಗೆ ಅವನ ಹೆಂಡತಿ ತರಕಾರಿ ಹೆಚ್ಚುತ್ತಿದ್ದರೆ ಅಕ್ಕ ಹೊಸ್ತಿಲ ಹತ್ತಿರ ಸೊಂಟದ ಮೇಲೆ ಕೈಯಿಟ್ಟುಕೊಂಡು ಮಾತಾಡುತ್ತ ನಿಂತಿರುತ್ತಿದ್ದಳು. ಅಬ್ಬಾ, ಅದೇ ಠೀವಿ, ಅಂದುಕೊಂಡ. ಸೋಫಾದಲ್ಲಿ ಕೂತು, ಪತ್ರಿಕೆ ಅಡ್ಡ ಹಿಡಿದು, ಕೈಗೆ ಸಿಕ್ಕಿದ ಚೂರು ಕಾಗದದ ಮೇಲೆ ಮತ್ತೆ ಮತ್ತೆ ಅವಳನ್ನು ಬರೆದ. ಆಫೀಸಿಗೆ ಹೋಗಿ ಅವಳ ವಯಸ್ಸು ಇಳಿಸಿದ, ಕೂದಲು ಕಪ್ಪು ಮಾಡಿದ, ಕೊರಳಿಗೊಂದು ಮುತ್ತಿನ ಎಳೆ ಹಾಕಿದ. ನಿಲುವನ್ನು ಮಾತ್ರ ಕೂದಲೆಳೆಯಷ್ಟೂ ಬದಲಿಸದೆ ಬಾಲ್ಕನಿಗೆ ಏರಿಸಿದ.

ಚಿತ್ರದಲ್ಲಿ ಅಷ್ಟು ಚೆನ್ನಾಗಿ ಕಂಡ ನಿಲುವು ಮನೆಯಲ್ಲಿ ಮಾತ್ರ ಕಣ್ಣಿಗೆ ಚುಚ್ಚತೊಡಗಿತು. ನಿನ್ನ ಅಕ್ಕ ಇನ್‌ಸ್ಪೆಕ್ಟರ್ ಥರ ತಲೆ ಮೇಲೆ ನಿಂತಿರುತ್ತಾರೆ, ನನಗೆ ಕೈಕಾಲೇ ಆಡುವುದಿಲ್ಲ ಎಂದು ಹೆಂಡತಿ ಒಂದೆರಡು ಸಲ ಗೊಣಗಿದಳು. ಅವಳದು ಬರೀ ಗೊಣಗಾಟ, ಅಲ್ಲಿಗೇ ಮುಗಿದೂ ಹೋಗುತ್ತಿತ್ತು. ಅದನ್ನು ಎತ್ತಿಕೊಂಡವನು ಅವನೇ. ಬಾಲ್ಯದ ಆ ಬಾಗಿಲ ಭಯ ಅವನೊಳಗೆ ಎಲ್ಲೋ ಕೂತಿತ್ತು, ಈಗ ಅದಕ್ಕೆ ಉತ್ತರ ಕೊಡುವ ವಯಸ್ಸೂ ಸಂಬಳವೂ ಬಂದಿದ್ದವು. ಒಂದು ಸಂಜೆ, ಹೆಂಡತಿಯ ಎದುರಿಗೇ ಹೇಳಿಬಿಟ್ಟ.

"ಅಕ್ಕಾ, ಹಾಗೆ ಸೊಂಟದ ಮೇಲೆ ಕೈ ಇಟ್ಕೊಂಡು ಯಜಮಾನಿ ಥರ ನಿಂತ್ಕೋಬೇಡ. ಇದು ಇವಳ ಮನೆ. ನೋಡಿದೋರಿಗೂ ಚೆನ್ನಾಗಿರಲ್ಲ."

ಅಕ್ಕ ತನ್ನ ಕೈಯನ್ನು, ಅದು ಬೇರೆ ಯಾರದೋ ಎಂಬಂತೆ, ಒಂದು ಕ್ಷಣ ನೋಡಿಕೊಂಡಳು. ಆಮೇಲೆ ಕೆಳಗಿಳಿಸಿ "ಆಯ್ತಪ್ಪ" ಎಂದಳು.

ಆ ದಿನದಿಂದ ಅವನ ಕಣ್ಣಿಗೆ ಆ ಭಂಗಿ ಬೀಳಲಿಲ್ಲ. ಒಂದೇ ಮಾತಿಗೆ ಕೆಲಸ ಆಯಿತಲ್ಲ ಎಂದು ಅವನಿಗೆ ಹೆಮ್ಮೆಯೇ ಆಯಿತು. ಅಕ್ಕ ಈಗ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು, ಇಲ್ಲವೆ ನಿಲ್ಲದೆ ತನ್ನ ಕೋಣೆಗೆ ಹೋಗಿಬಿಡುತ್ತಿದ್ದಳು. ಊಟಕ್ಕೆ ಕರೆದರೆ ನೀವು ಮುಗಿಸಿ ಎನ್ನುವಳು. ಅದನ್ನವನು ಮುನಿಸು ಎಂದು ಓದಿದ. ಭಂಗಿ ಓದುವುದರಲ್ಲಿ ಎತ್ತಿದ ಕೈ ಅಲ್ಲವೇ? ಮುನಿಸಿಗೆ ಮುನಿಸೇ ಮದ್ದೆಂದು ತಾನೂ ಮಾತು ಕಡಿಮೆ ಮಾಡಿದ. ಕೊನೆಗೆ ಅವಳೇ, ಲಾಂಡ್ರಿಯ ಹಳೆಯ ಗೆಳತಿಯೊಬ್ಬಳು ಬೇರೆ ಊರಿನಲ್ಲಿ ಒಂಟಿಯಾಗಿದ್ದಾಳೆ, ಅವಳ ಜೊತೆ ಇರಲು ಹೋಗುತ್ತೇನೆ, ಭಾನುವಾರದ ಬಸ್ಸಿಗೆ ಟಿಕೆಟ್ ಕೂಡ ಆಗಿದೆ ಎಂದಳು. ಯಾಕೆ ಎಂದು ಬಾಯಿಮಾತಿಗೆ ಕೇಳಿದ. ಒಳಗೊಳಗೇ ಹಗುರಾದದ್ದು ಸುಳ್ಳಲ್ಲ.

ಬಿಲ್ಡರ್ ಹೋದ ಮೇಲೆ ಅವನು ಕೆಲಸಕ್ಕೆ ಕೂತ. ಬೆನ್ನಿನ ನೋಟ ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಮುಂದಿನಿಂದ ಬರೆದ ಕೈ ಹಿಂದಿನಿಂದ ಹೇಗೆ ಕಾಣುತ್ತದೆ? ಎಷ್ಟು ಸಲ ಬರೆದರೂ ಹೆಂಗಸು ಬೇರೆಯೇ ಆಗುತ್ತಿದ್ದಳು. ಕೊನೆಗೆ ಪಕ್ಕದ ಮೇಜಿನ ಹುಡುಗಿಯನ್ನು ಕರೆದ. ಅವಳು ಸೇರಿ ಹೆಚ್ಚು ದಿನವಾಗಿರಲಿಲ್ಲ. ಪಾಠವೆಲ್ಲ ಕೇಳಿಸಿಕೊಂಡು ನಗು ತಡೆದುಕೊಳ್ಳುವವಳು. ತಾನು ಒಡತಿಯ ಹಾಗೆ ನಿಲ್ಲುತ್ತೇನೆ, ಹಿಂದಿನಿಂದ ಫೋನಿನಲ್ಲಿ ಫೋಟೋ ತೆಗೆ ಎಂದ.

ಕಿಟಕಿಗೆ ಮುಖ ಮಾಡಿ, ಬೆರಳುಗಳು ಮುಂದೆ, ಹೆಬ್ಬೆರಳು ಹಿಂದೆ ಬರುವಂತೆ ಸೊಂಟಕ್ಕೆ ಕೈಕೊಟ್ಟು, ಎದೆಯುಬ್ಬಿಸಿ ನಿಂತ. ಹುಡುಗಿ ತೆಗೆದ ಫೋಟೋವನ್ನು ತನ್ನ ಹಳೆಯ ಚೂರು ಕಾಗದಗಳ ಪಕ್ಕದಲ್ಲಿಟ್ಟು ನೋಡಿದ. ಹೊಂದಲಿಲ್ಲ. ಚಿತ್ರಗಳಲ್ಲಿ ಹೆಬ್ಬೆರಳು ಮುಂದಿತ್ತು. ಎಲ್ಲದರಲ್ಲೂ. ಬೆರಳುಗಳು ಕಾಣುತ್ತಲೇ ಇರಲಿಲ್ಲ, ಅವು ಹಿಂದೆ ಬೆನ್ನಿನ ಕಡೆ ಹೋಗಿದ್ದವು. ಇದೊಂದು ಸಣ್ಣ ವ್ಯತ್ಯಾಸ ಎಂದುಕೊಂಡು ಕೈಯನ್ನು ತಿರುಗಿಸಿಟ್ಟ. ಹಾಗೆ ಇಟ್ಟ ಕೈ ಸೊಂಟದ ಮೇಲೆ ಕೂರಲಿಲ್ಲ. ಜಾರಿ, ಬೆನ್ನುಮೂಳೆಯ ಪಕ್ಕದ ಮಾಂಸವನ್ನು ಹುಡುಕಿಕೊಂಡು ಹೋಗಿ ಒತ್ತಿತು. ಮತ್ತೆ ಕಾಗದ ನೋಡಿದ. ಬಲಗಾಲಿನ ಹಿಮ್ಮಡಿ ನೆಲ ಮುಟ್ಟಿಲ್ಲ. ಅದನ್ನೂ ಎಲ್ಲದರಲ್ಲೂ ಬರೆದಿದ್ದ, ಒಂದು ಚೆಂದದ ಬಳುಕು ಎಂದುಕೊಂಡು. ಹಿಮ್ಮಡಿ ಎತ್ತಿದ. ಭಾರವೆಲ್ಲ ಎಡಗಾಲಿಗೆ ಬಂತು. ಗದ್ದ ಸ್ವಲ್ಪ ಒಳಕ್ಕೆ. ಹಾಗೆ ಇಳಿಸುತ್ತಿದ್ದಂತೆ ಉಬ್ಬಿಸಿದ್ದ ಎದೆ ತಾನಾಗಿಯೇ ಕುಸಿಯಿತು, ಉಸಿರು ಅರ್ಧಕ್ಕೇ ನಿಂತಿತು. ಈ ಭಂಗಿಯಲ್ಲಿ ಹಮ್ಮು ಇರಲು ಜಾಗವೇ ಇರಲಿಲ್ಲ.

ಹಿಂದೆ ಫೋಟೋ ತೆಗೆದ ಸದ್ದು ಕೇಳಲಿಲ್ಲ. ಕೇಳಿದ್ದು ಕುರ್ಚಿ ಎಳೆದ ಸದ್ದು.

"ಸರ್, ಸೊಂಟ ಹಿಡ್ಕೊಂಡ್ಬಿಡ್ತಾ? ಮೊದಲು ಕೂತ್ಕೊಳಿ" ಎಂದಳು ಹುಡುಗಿ.

ಅವಳ ದನಿಯಲ್ಲಿ ನಗು ಇರಲಿಲ್ಲ. ಅವನು ಕೂತ. ಮೇಜಿನ ಮೇಲಿದ್ದ ಅಷ್ಟೂ ಚೂರುಗಳಲ್ಲಿ ಅಕ್ಕ ನೋವಿನಿಂದ ನಿಂತಿದ್ದಳು, ತಪ್ಪಿಲ್ಲದ ಗೆರೆಗಳಲ್ಲಿ, ಹೆಬ್ಬೆರಳು ಹಿಮ್ಮಡಿ ಸಮೇತ. ಅವನ ಕೈ ಎಲ್ಲವನ್ನೂ ಕಂಡಿತ್ತು. ತಲೆ ಮಾತ್ರ ಅದರ ಕೆಳಗೆ ಒಡತಿ ಎಂದು ಹೆಸರು ಹಚ್ಚಿ ಮಾರಿತ್ತು. ಮಾರಿದ್ದಾದರೂ ಹೋಗಲಿ, ಆಫೀಸಿನ ಕೆಲಸ. ಆದರೆ ನೋಯುವ ಜಾಗದ ಮೇಲೆ ತನ್ನದೇ ಕೈಯಿಟ್ಟುಕೊಳ್ಳುವಷ್ಟು ಸುಖವನ್ನೂ ಅವಳಿಂದ ಕಿತ್ತುಕೊಂಡನಲ್ಲ, ಅದೂ ನೋಡಿದವರಿಗೆ ಚೆನ್ನಾಗಿರುವುದಿಲ್ಲ ಎಂದು. ನೋಡಿದವರು ಯಾರು? ಅವನೊಬ್ಬನೇ. ಇಷ್ಟು ನಾಚಿಕೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಕಾಗದಗಳನ್ನು ಬೋರಲು ಹಾಕಿದ. ತನಗೆ ಮೈ ಸರಿಯಿಲ್ಲವೆಂದು ಯಜಮಾನರಿಗೆ ಹೇಳಿ ಹೊರಟ.

ಮನೆ ತಲುಪಿದಾಗ ಇನ್ನೂ ಬಿಸಿಲಿತ್ತು. ಅಕ್ಕನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಭಾನುವಾರ ಹೊರಡುವ ಮೊದಲು ಮುಗಿಸಿಬಿಡಬೇಕೆಂದೋ ಏನೋ, ಮನೆಯ ಪರದೆಗಳನ್ನೆಲ್ಲ ಇಳಿಸಿಕೊಂಡು ಇಸ್ತ್ರಿ ಮಾಡುತ್ತಿದ್ದಳು. ಬಲಗೈಯಲ್ಲಿ ಪೆಟ್ಟಿಗೆ, ಎಡಗೈ ಬೆನ್ನಿನ ಆ ಜಾಗದಲ್ಲಿ. ಹಿಮ್ಮಡಿ ಎತ್ತಿತ್ತು. ಒಂದು ಮಡಿಕೆ ಮುಗಿಸಿದವಳು ಕಣ್ಣುಮುಚ್ಚಿ, ಬೆರಳುಗಳನ್ನು ಇನ್ನಷ್ಟು ಒಳಕ್ಕೆ ಒತ್ತಿ, ಹಾಗೆಯೇ ನಿಂತಳು. ಅವನು ಚಪ್ಪಲಿ ಬಿಟ್ಟ. ಅಷ್ಟು ಸಣ್ಣ ಸದ್ದಿಗೆ ಅವಳ ಕೈ ಬೆನ್ನಿನಿಂದ ಕೆಳಗಿಳಿದುಬಿಟ್ಟಿತು. ಕದ್ದು ತಿನ್ನುತ್ತಿದ್ದ ಮಗು ಸಿಕ್ಕಿಬಿದ್ದ ಹಾಗೆ.

ಅವನು ಒಳಗೆ ಬಂದ. ಸೊಂಟ ನೋಯುತ್ತಾ ಎಂದು ಕೇಳಿದ. ಇಲ್ಲಪ್ಪ ಎಂದಳು. ಮತ್ತೆ ಕೇಳಿದ. ಪರದೆಯ ಅಂಚು ಎಳೆದು ಸರಿಮಾಡುತ್ತ, ಲಾಂಡ್ರಿಯಲ್ಲಿದ್ದಾಗಿನಿಂದಲೂ ಇದೆ, ವರ್ಷಗಟ್ಟಲೆ ನಿಂತೇ ಇದ್ದರೆ ಏನಾಗುತ್ತೆ, ಈಚೆಗೆ ಕಾಲಿಗೂ ಇಳಿದು ಜೋಮು ಹಿಡಿಯುತ್ತೆ, ಅಷ್ಟೇ ಎಂದಳು. ಹವಾಮಾನದ ವಿಷಯ ಹೇಳುವವಳ ಹಾಗೆ ಹೇಳಿದಳು.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳೋದೇನು" ಎಂದಳು ಅಕ್ಕ. "ನಿನ್ನ ಕಣ್ಣೆದುರಿಗೇ ಇದ್ನಲ್ಲ."

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು, ಜಗಳ ತೆಗೆದು ಅದರೊಳಗೆ ಅಡಗಿಕೊಳ್ಳಬಹುದಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತುಹೋಗಿತ್ತು. ಹೆಂಡತಿ ಬಾಗಿಲಿಗೆ ಬಂದು, ಕಾಲುನೋವು ಅಂದಿದ್ದಕ್ಕೆ ನಾನೇ ಮುಲಾಮು ತಂದುಕೊಟ್ಟಿದ್ದೆ, ಎಷ್ಟು ಬೇಗ ಖಾಲಿಯಾಯಿತಲ್ಲ ಎಂದು ಕೂಡ ಅಂದಿದ್ದೆ ಎಂದಳು. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. ಆಮೇಲೆ ಇಸ್ತ್ರಿಯ ಪ್ಲಗ್ಗು ಕಿತ್ತಳು.

ಅವನು ಭಾನುವಾರ ಹೋಗಬೇಡ ಎಂದ. ಅಕ್ಕ ಮಂಚದ ಅಂಚಿನಲ್ಲಿ ನಿಧಾನವಾಗಿ ಕೂತಳು. ನಕ್ಕಳು ಕೂಡ.

"ಅವಳದೂ ನನ್ ಥರಾನೇ ಕಣೋ, ಅದೇ ಸೊಂಟ, ಅದೇ ನೋವು. ಇಬ್ರೂ ಸೊಂಟ ಹಿಡ್ಕೊಂಡು ಮನೆ ತುಂಬ ಓಡಾಡ್ಕೊಂಡಿರ್ತೀವಿ. ಯಾರೂ ನೋಡೋರಿರಲ್ಲ."

ಯಾರೂ ನೋಡೋರಿರಲ್ಲ ಎಂಬುದನ್ನು ಅವಳು ದೊಡ್ಡ ಸೌಕರ್ಯವೊಂದನ್ನು ಹೇಳುವವಳ ಹಾಗೆ ಹೇಳಿದಳು. ಅವನು ನೆಲ ನೋಡಿದ. ತಪ್ಪಾಯಿತು ಎಂಬ ಮಾತು ಎಷ್ಟು ಚಿಕ್ಕದು, ಆದರೂ ಹೊರಗೆ ಬರಲಿಲ್ಲ. ಬಂದದ್ದು ಬೇರೆಯೇ.

"ಕೈ ಇಟ್ಕೋ ಅಕ್ಕಾ. ನೋಯೋ ಕಡೆ ಇಟ್ಕೋ."

ಅಕ್ಕ ತಲೆಯಾಡಿಸಿದಳು. ಕೈ ಮಾತ್ರ ಮಡಿಲಲ್ಲೇ ಇತ್ತು. ಅವನು ಹೇಳಿದನೆಂದು ಅವಳು ಪ್ರಯತ್ನಿಸಿದ್ದೂ ಅವನಿಗೆ ಕಂಡಿತು. ಬೆರಳುಗಳು ಒಂದಿಷ್ಟು ಎದ್ದು ಮತ್ತೆ ಮಡಿಲಿಗೇ ಬಿದ್ದವು. ಬೇಡವೆಂದದ್ದು ಒಂದೇ ಮಾತಿಗೆ ನಿಂತಿತ್ತು. ಇಟ್ಟುಕೋ ಎಂದದ್ದಕ್ಕೆ ಅದು ಮರಳಿ ಬರುವುದಿಲ್ಲವೆಂದು ಅವನಿಗೆ ಆಗ ಅರ್ಥವಾಯಿತು. ಕೊನೆಗೆ ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ ಎಂದ. ಅದಕ್ಕವಳು ಒಪ್ಪಿದಳು. ಭಾನುವಾರದ ಮಾತಿಗೆ ನೋಡೋಣ ಎಂದಷ್ಟೇ ಹೇಳಿದಳು, ಊರಿಗೆಂದು ಕಟ್ಟಿದ ಚೀಲ ಗೋಡೆಗೆ ಒರಗಿಕೊಂಡೇ ಇತ್ತು.

ಬೆಳಿಗ್ಗೆ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅವನು ಪಕ್ಕದಲ್ಲಿ ನಿಂತ. ಆಸ್ಪತ್ರೆ ಇರುವುದು ಸರ್ಕಲ್ಲಿನ ಆಚೆ ಬದಿಗೆ, ಬೋರ್ಡು ಇರುವುದೂ ಅಲ್ಲೇ. ದಾರಿಯುದ್ದಕ್ಕೂ ಅವನಿಗೆ ಅದೇ ಚಿಂತೆ. ಒಂದು ಸ್ಟಾಪು ಮುಂದೆ ಹೋಗಿ ಇಳಿದರೆ ತಪ್ಪಿಸಬಹುದು, ಆದರೆ ಅಷ್ಟು ದೂರ ಅವಳನ್ನು ಹಿಂದಕ್ಕೆ ನಡೆಸುವುದು ಹೇಗೆ? ಅಕ್ಕ ಬೀದಿಯಲ್ಲಿ ತಲೆಯೆತ್ತಿ ನಡೆಯುವವಳಲ್ಲ, ನೋಡಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡ.

ಇಳಿದಾಗ ರಸ್ತೆ ದಾಟುವವರಿಗೆ ಕೆಂಪು ದೀಪವಿತ್ತು. ಜನರ ನಡುವೆ ಇಬ್ಬರೂ ನಿಂತರು. ಎದುರಿಗೆ ಮನೆಯೆತ್ತರದ ಅಕ್ಕ, ಕಪ್ಪು ಕೂದಲಿನ, ಮುತ್ತಿನ ಎಳೆಯ ಅಕ್ಕ, ಬೆಳಗಿನ ಬಿಸಿಲಿನಲ್ಲಿ ಇಡೀ ಸರ್ಕಲ್ಲನ್ನು ನೋಡುತ್ತ ನಿಂತಿದ್ದಳು. ಅವಳ ಕಾಲ ಕೆಳಗೆ, ಇದು ನಿಮ್ಮದೂ ಆಗಬಹುದು ಎಂದು ದಪ್ಪ ಅಕ್ಷರಗಳಲ್ಲಿ ಬರೆದಿತ್ತು. ಬೇಗ ಬದಲಾಗಲಿ ಎಂದು ಅವನು ದೀಪವನ್ನೇ ದಿಟ್ಟಿಸಿದ. ಪಕ್ಕದಲ್ಲಿ ಅಕ್ಕ ಬಿಸಿಲಿಗೆ ಕೈ ಅಡ್ಡ ಹಿಡಿದು ತಲೆಯೆತ್ತಿದಳು. ಸುಮಾರು ಹೊತ್ತು ನೋಡಿದಳು.

"ಪಾಪ" ಎಂದಳು. "ಅಷ್ಟು ದೊಡ್ಡ ಮನೆ ಕಟ್ಟಿದಾರೆ. ಆಯಮ್ಮಂಗೆ ಕೂತ್ಕೊಳ್ಳೋಕೆ ಒಂದು ಕುರ್ಚಿ ಹಾಕಿಲ್ವಲ್ಲ."

ಅಕ್ಕನಿಗೆ ನಿಂತು ಕಾಲು ಸೋತಿರಬೇಕು. ಅವಳ ಬಲಹಿಮ್ಮಡಿ ನೆಲದಿಂದ ಎದ್ದಿತು. ಎಡಗೈ ಹೆಗಲಿಗೆ ಹಾಕಿದ್ದ ಸಣ್ಣ ಚೀಲದ ಹಿಡಿ ಬಿಟ್ಟು ತಾನಾಗಿಯೇ ಹಿಂದಕ್ಕೆ ಹೊರಟಿತು. ಅರ್ಧ ದಾರಿಯಲ್ಲಿ ಅವಳು ಓರೆಗಣ್ಣಿನಿಂದ ತಮ್ಮನನ್ನು ನೋಡಿದಳು. ಕೈ ಮರಳಿ ಚೀಲದ ಹಿಡಿಗೆ ಬಂತು.

ಅವನು ಮುಖವನ್ನು ಪೂರ್ತಿ ಆಚೆ ತಿರುಗಿಸಿದ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಯಾರೋ ಅಂಗಡಿಯ ಷಟರ್ ಎತ್ತುತ್ತಿದ್ದರು, ಒಬ್ಬ ಕಾರಿನ ಗಾಜು ಒರೆಸುತ್ತಿದ್ದ. ಅದನ್ನೇ ನೋಡುತ್ತ ನಿಂತ. ಹಸಿರು ದೀಪ ಬಂತು, ಜನ ಭುಜ ತಾಗಿಸಿಕೊಂಡು ಮುಂದೆ ಹೋದರು. ಅವನ ಬೆನ್ನ ಹಿಂದೆ ಅಕ್ಕ ಬಹಳ ಹೊತ್ತು ಹಿಡಿದಿಟ್ಟಿದ್ದ ಉಸಿರನ್ನು ಮೆಲ್ಲಗೆ ಬಿಟ್ಟ ಹಾಗೆ ಕೇಳಿಸಿತು. ಅವನು ತಿರುಗಲಿಲ್ಲ.